ಉಳಿದ ಬೆರಳು

ಫಾದರ್ ಮಗುವಿನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ, “ಈಗ ತಂದೆ ಹಾಕಲಿ” ಎಂದರು. ಇನ್ನಾಸಪ್ಪನ ಬಲಗೈ ಪ್ಯಾಂಟಿನ ಜೇಬಿನಿಂದ ಹೊರಗೆ ಬರಲಿಲ್ಲ.

ಬಂದರೆ ತಾನೆ ಏನಿತ್ತು ಅದರಲ್ಲಿ? ಎಂಟು ತಿಂಗಳ ಹಿಂದೆ ಪೀಣ್ಯದ ಶೆಡ್ಡೊಂದರಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸು ಒಂದೇ ಏಟಿಗೆ ನಾಲ್ಕು ಬೆರಳು ತೆಗೆದುಕೊಂಡು ಹೋಗಿತ್ತು. ವಿಚಿತ್ರವೆಂದರೆ, ಹೋದ ಬೆರಳುಗಳಿಗೆ ತಾವು ಹೋದದ್ದೇ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ತುರಿಸುತ್ತಿದ್ದವು, ಬಿಗಿಯುತ್ತಿದ್ದವು, ತಣ್ಣನೆಯ ತಗಡನ್ನು ಹಿಡಿದು ಕೂರುತ್ತಿದ್ದವು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬೆರಳಿನ ಜೊತೆ ಬುದ್ಧಿಯೂ ಹೋಯಿತು ಅನ್ನುತ್ತಾರೆ, ಜನರ ಬಾಯಿಗೆ ಬೀಗ ಹಾಕುವವರು ಯಾರು?

ಮಗಳು ಹುಟ್ಟಿ ಐದು ತಿಂಗಳಾಗಿತ್ತು. ಆ ಕೈಯಿಂದ ಅವಳನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಪಕ್ಕದ ಮನೆಯ ಕೂಸು ಆ ಮೊಂಡು ಕೈ ಕಂಡು ಕಿಟಾರನೆ ಕಿರುಚಿಕೊಂಡದ್ದು ಎದೆಯಲ್ಲಿ ಕೂತುಬಿಟ್ಟಿತ್ತು. ತನ್ನ ಮಗಳೂ ಹಾಗೆ ಕಿರುಚಿದರೆ ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಚರ್ಚಿನಲ್ಲಿ ಮಗುವಿನ ತಲೆಗೆ ನೀರು ಹೊಯ್ಯುವ ಜ್ಞಾನಸ್ನಾನದ ದಿನ ತಂದೆಯೂ ಮಗುವಿನ ಹಣೆ ಮುಟ್ಟಬೇಕು ಎಂಬುದು ನೆನಪಾದಾಗಲೆಲ್ಲ “ಮುಂದಿನ ತಿಂಗಳು ಮಾಡೋಣ” ಎಂದು ಮೂರು ಸಲ ಜಾರಿಕೊಂಡಿದ್ದ. ನಾಲ್ಕನೆಯ ಸಲ ಹೆಂಡತಿ ಜಪಮಾಲ ಅವನನ್ನು ಕೇಳಲೇ ಇಲ್ಲ. ತಾನೇ ಹೋಗಿ ದಿನ ಗೊತ್ತುಮಾಡಿಕೊಂಡು ಬಂದಳು.

ಭಾನುವಾರದ ಮಧ್ಯಾಹ್ನ. ಕರೆಂಟು ಹೋಗಿ ಚರ್ಚಿನ ಫ್ಯಾನುಗಳು ನಿಂತಿದ್ದವು. ಮೆಟ್ರೊ ಕಂಬಗಳ ಕೆಲಸದ ಧೂಳು ಒಳಗೂ ನುಗ್ಗಿ, ಕಿಟಕಿಗೆ ಅಂಟಿಸಿದ ಬಣ್ಣದ ಹಾಳೆಯ ಬೆಳಕಿನಲ್ಲಿ ಕೆಂಪಗೆ, ನೀಲಿಯಾಗಿ ತೇಲುತ್ತಿತ್ತು. ವಾರದ ಆರು ದಿನ ಎದೆಗೆ ಗುದ್ದುವ ಸುತ್ತಲಿನ ಶೆಡ್ಡುಗಳ ಪ್ರೆಸ್ಸುಗಳೆಲ್ಲ ಇಂದು ಸುಮ್ಮನಿದ್ದವು. ಶಿಲುಬೆಯ ಮೇಲಿನ ಯೇಸುವಿನ ಗಾಯದ ಕೈಗಳು ಆ ಬೆಳಕಿನಲ್ಲಿ ಒಂದಿಷ್ಟು ಅಲುಗಿದಂತೆ ಕಂಡವು. ಎಲ್ಲವೂ ನೀರಿನಡಿಯಲ್ಲಿ ನಡೆಯುತ್ತಿದೆಯೇನೋ ಅನ್ನಿಸಿ, ಆ ಮಂಪರಿನಲ್ಲೇ ಇನ್ನಾಸಪ್ಪ ಎಡಗೈ ಮುಂದೆ ಚಾಚಿದ.

“ಏಯ್! ಎಡಗೈ!”

ಆರೋಗ್ಯಮ್ಮ. ಮಗುವಿಗೆ ಜ್ಞಾನತಾಯಿಯಾಗಿ, ಧರ್ಮದ ಲೆಕ್ಕದಲ್ಲಿ ಎರಡನೇ ತಾಯಿಯಾಗಿ ನಿಂತಿದ್ದ ಮುದುಕಿ. ಮೂವತ್ತು ವರ್ಷ ಸುತ್ತಲಿನ ಮಕ್ಕಳಿಗೆಲ್ಲ ಕಿವಿ ಹಿಂಡಿ ಜಪ ಕಲಿಸಿದವಳು, ಶಿಲುಬೆ ಗುರುತಿಗೆ ಎಡಗೈ ಎತ್ತಿದರೆ ಬೆತ್ತದ ರುಚಿ ತೋರಿಸುತ್ತಿದ್ದವಳು. ಇನ್ನಾಸಪ್ಪನ ಕಿವಿಗೂ ಆ ಕೈಯ ಪರಿಚಯ ಚೆನ್ನಾಗಿಯೇ ಇತ್ತು.

“ಅಜ್ಜಿ, ಗೊತ್ತಿದ್ದೂ ಹಿಂಗಂತೀರಲ್ಲ...” ಅವನು ಬಲಗೈಯನ್ನು ಜೇಬಿನೊಳಗೆ ಇನ್ನಷ್ಟು ತುರುಕಿದ.

“ಗೊತ್ತು ಕಣೋ. ನಂಗೆ ಕಣ್ಣು ಮಂಜಾಗಿದೆ, ಬುದ್ಧಿ ಮಂಜಾಗಿಲ್ಲ. ತೆಗಿ ಆಚೆ.”

“ಬೇಡ. ಮಗು ಹೆದರ್ಕೊಳ್ಳತ್ತೆ.”

“ಮಗು ಹೆದರ್ಕೊಳ್ಳತ್ತೋ, ನೀನು ಹೆದರ್ಕೊಂಡಿದ್ದೀಯೋ?”

ಹೇಳುತ್ತಲೇ, ಕದ್ದ ಹುಣಿಸೆಹಣ್ಣನ್ನು ಹುಡುಗರ ಜೇಬಿನಿಂದ ಎಳೆಯುವ ಹಾಗೆ ಅವನ ಕೈಯನ್ನು ಹೊರಗೆಳೆದಳು. ಎಳೆದವಳು ಬಿಡಲಿಲ್ಲ. ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಚಳಿಗೆ ಮರಗಟ್ಟಿದ ಕೈಯನ್ನು ಉಜ್ಜುವಂತೆ ಮೆಲ್ಲಗೆ ಉಜ್ಜಿದಳು. ಆಸ್ಪತ್ರೆಯ ನರ್ಸು ಕೊನೆಯ ಪಟ್ಟಿ ಬಿಚ್ಚಿದ ಮೇಲೆ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ. ಯಾರಿಗೂ ಅವನು ಹಿಡಿಯಲು ಕೊಟ್ಟಿರಲಿಲ್ಲ. ಇನ್ನಾಸಪ್ಪನಿಗೆ ಅಳು ಬಂತು.

“ಏನ್ ಉಳಿದಿದೆ ಇದ್ರಲ್ಲಿ?” ಆರೋಗ್ಯಮ್ಮ ಕೇಳಿದಳು.

“ಹೆಬ್ಬೆರಳೊಂದೇ ಅಜ್ಜಿ.”

“ಹಣೆಗೆ ಶಿಲುಬೆ ಹಾಕೋಕೆ ಯಾವ ಬೆರಳು ಅಂತ ಹೇಳ್ಕೊಟ್ಟಿದ್ದೆ ನಿಂಗೆ?”

ಅವನಿಗೆ ತಾನು ಏಳು ವರ್ಷದವನಾಗಿದ್ದಾಗ, ಹಲ್ಲುದುರಿದ ಮಕ್ಕಳ ಸಾಲಿನಲ್ಲಿ ನಿಂತು ಇದೇ ಪ್ರಶ್ನೆಗೆ ಹೆಬ್ಬೆರಳು ಎತ್ತಿ ತೋರಿಸಿದ್ದು ನೆನಪಾಯಿತು. ಫಾದರ್ ಪುಸ್ತಕ ಮಡಚಿ ಕಾಯುತ್ತಿದ್ದರು. ಜಪಮಾಲ ಮಗುವನ್ನು ಮುಂದೆ ಹಿಡಿದಳು.

ಅವನು ಹೆಬ್ಬೆರಳನ್ನು ಪುಟ್ಟ ಹಣೆಯ ಮೇಲಿಟ್ಟ. ಮೇಲಿಂದ ಕೆಳಗೆ ಒಂದು ಗೆರೆ, ಅಡ್ಡಲಾಗಿ ಒಂದು. ಮಗು ಕಿರುಚಲಿಲ್ಲ. ಹಾಲಿಗೆ ತಡಕುವಂತೆ ಮುಖ ಹೊರಳಿಸಿ ಆ ಮೊಂಡು ಅಂಗೈಗೆ ಕೆನ್ನೆ ಒತ್ತಿತು.

ಇನ್ನಾಸಪ್ಪ ಕಣ್ಣು ಮುಚ್ಚಿದ. ಇಲ್ಲದ ನಾಲ್ಕು ಬೆರಳುಗಳು ತಣ್ಣನೆಯ ತಗಡನ್ನು ಬಿಟ್ಟವು. ಅವಕ್ಕೀಗ ಬೆಚ್ಚಗಿನ ಕೆನ್ನೆಯೊಂದು ಸಿಕ್ಕಿತ್ತು.