ಸೂರ್ಯಹವಳಕ್ಕೆ ತುತ್ತು

ಶಿವಕಿರಣ ಆ ಮನೆಯಲ್ಲಿ ಆಡಿದ ಮೊದಲ ಮಾತೇ ಸುಳ್ಳು.

"ನಿಮ್ಮ ಯಜಮಾನರ ಸ್ನೇಹಿತ ನಾನು, ಮೇಡಂ. ಇಬ್ಬರಿಗೂ ಅಕ್ವೇರಿಯಂ ಹುಚ್ಚು."

ಒಂಟಿಕೊಪ್ಪಲಿನ ಆ ಮನೆಯ ಬಾಗಿಲಲ್ಲಿ ನಿಂತಿದ್ದ ಚಾಮುಂಡೇಶ್ವರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಗಂಡ ಶಿವಶಂಕರ ಹೋಗಿ ಇಪ್ಪತ್ತು ದಿನವಾಗಿತ್ತು. ಮಂಡಕಳ್ಳಿ ರಸ್ತೆಯಲ್ಲಿ, ನಸುಕಿನ ಮಂಜಿನಲ್ಲಿ, ಯಾವುದೋ ವಾಹನ ಮೈಮೇಲೆ ಹರಿದಿತ್ತು. ವಾಹನ ಸಿಕ್ಕಿರಲಿಲ್ಲ.

ಶಿವಕಿರಣ ಆತನನ್ನು ಬದುಕಿದ್ದಾಗ ಕಂಡವನೇ ಅಲ್ಲ. ಹೇಳಲು ಬಂದದ್ದು ಬೇರೆ ಮಾತು. ಅವಳ ಬೆನ್ನ ಹಿಂದೆ ನೀಲಿ ಬೆಳಕಿನ ಗಾಜಿನ ತೊಟ್ಟಿ ಕಂಡಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದ.

"ಬನ್ನಿ ಒಳಗೆ," ಎಂದಳು.

ಉಪ್ಪುನೀರಿನ ಆ ತೊಟ್ಟಿಯಲ್ಲಿ ಒಂದೂ ಮೀನಿರಲಿಲ್ಲ. ಕಲ್ಲಿಗೆ ಅಂಟಿದ ಕಿತ್ತಳೆ ಬಣ್ಣದ ಗಂಟುಗಳಿದ್ದವು, ಅಷ್ಟೆ. ಕೆಲವು ಸುಕ್ಕುಗಟ್ಟಿ ಬಿಳಿಚಿಕೊಂಡಿದ್ದವು.

"ಸೂರ್ಯಹವಳ ಅಂತಾರೆ. ಹೆಸರಿಗೆ ಸೂರ್ಯ, ಬೆಳಕಿಂದ ಇವುಕ್ಕೆ ಹೊಟ್ಟೆ ತುಂಬಲ್ಲ. ಒಂದೊಂದು ಬಾಯಿಗೂ ತುತ್ತಿಡಬೇಕು. ಅವರೇ ಇಡ್ತಿದ್ರು. ನಾನು ಮುಟ್ಟೋ ಹಾಗಿರಲಿಲ್ಲ. ಒಂದ್ಸಲ ಮುಟ್ಟಿದ್ದೆ."

ಅವಳ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

"ಹಸ್ಕೊಂಡು ಸಾಯ್ತಾ ಇವೆ. ಸಾಯ್ಲಿ ಬುಡಿ."

"ನಾನು ಬಂದು ತಿನ್ನಿಸ್ತೀನಿ," ಎಂದ ಶಿವಕಿರಣ. "ದಿನಾ ಬರ್ತೀನಿ."

ಅವನಿಗೆ ಹವಳದ ಗಂಧಗಾಳಿಯೂ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ. ಮೊಟ್ಟೆಯನ್ನೂ ಮುಟ್ಟದ ಮನೆತನ ಅವನದು. ಮೊದಲ ಸಲ ಸೀಗಡಿ ಕೊಂಡು ಸಣ್ಣಗೆ ಹೆಚ್ಚುವಾಗ ಎರಡು ಬಾರಿ ವಾಕರಿಸಿದ. ಆದರೂ ಹೆಚ್ಚಿದ.

ದಿನಾ ಸಂಜೆ ಆರಕ್ಕೆ ಬರುವನು. ತೊಟ್ಟಿಯ ದೀಪ ಆರಿಸುವನು. ಕತ್ತಲಾದರೆ ಮಾತ್ರ ಅವು ಅರಳುವುದು. ಪಂಪು ನಿಲ್ಲಿಸಿ, ನೀರಿಗೆ ಸೀಗಡಿಯ ರಸ ಬಿಟ್ಟು ಕಾಯುವನು. ಒಂದು ವಾರ ಯಾವ ಗಂಟೂ ಬಾಯಿ ಬಿಡಲಿಲ್ಲ. ಎಂಟನೆಯ ಸಂಜೆ ಒಂದರಿಂದ ಹಳದಿ ಎಸಳುಗಳು ಮೆಲ್ಲಗೆ ಹೊರಗೆ ಬಂದವು. ಉದ್ದನೆಯ ಡ್ರಾಪರಿನಿಂದ ಚೂರೊಂದನ್ನು ಅದರ ನಡುವೆ ಇಟ್ಟ. ಎಸಳುಗಳು ಮಡಚಿಕೊಂಡು ಚೂರನ್ನು ಒಳಗೆಳೆದುಕೊಂಡವು.

ಶಿವಕಿರಣ ಅತ್ತುಬಿಟ್ಟ.

"ಅವರನ್ನ ಅಷ್ಟೊಂದು ಹಚ್ಕೊಂಡಿದ್ರಾ?" ಚಾಮುಂಡೇಶ್ವರಿ ಕೇಳಿದಳು.

ಅವನು ಡ್ರಾಪರಿಗೆ ಇನ್ನೊಂದು ಚೂರು ತುಂಬಿಕೊಂಡ.

ತಿಂಗಳು ಕಳೆಯುವಷ್ಟರಲ್ಲಿ ಕಲ್ಲಿನ ತುಂಬ ಹೂವು. ಬೀದಿಯ ತುಂಬ ಪಿಸುಮಾತು. ಅದು ಉದಯಗಿರಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅವಳ ಅಣ್ಣ ವಾಗೀಶನ ಕಿವಿಗೂ ಬಿತ್ತು. ಒಂದು ಸಂಜೆ ಬಂದವನು ತೊಟ್ಟಿಯ ಮುಂದೆ ಕೂತಿದ್ದ ಶಿವಕಿರಣನನ್ನು ದುರುಗುಟ್ಟಿ ನೋಡಿದ.

"ಯಾರಮ್ಮ ಇವನು? ಭಾವನಿಗೆ ಸ್ನೇಹಿತರು ಅಂತ ಒಬ್ಬರಾದ್ರೂ ಇದ್ರಾ?"

ಉತ್ತರಕ್ಕೆ ಕಾಯದೆ ಹೊರಗೆ ಹೋದ. ಗೇಟಿನ ಮುಂದೆ ನಿಂತಿದ್ದ ಕಾರನ್ನು ಒಂದು ಸುತ್ತು ಹಾಕಿದ. ಬಗ್ಗಿ ನೋಡಿದ. ಒಳಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಕಾರು ಹಳೇದು. ಮುಂದಿನ ಬಂಪರ್ ಮಾತ್ರ ಹೊಸದು. ಯಾವಾಗ ಹಾಕಿಸಿದ್ದು?"

ಶಿವಕಿರಣನ ಕೈಯಿಂದ ಡ್ರಾಪರು ಜಾರಿ ನೀರಿಗೆ ಬಿತ್ತು.

"ನಾನೇ ಅಕ್ಕಾ," ಎಂದ. ವಾಗೀಶನ ಕಡೆ ನೋಡಲಿಲ್ಲ, ಅವಳಿಗೇ ಹೇಳಿದ. "ಮಂಡಕಳ್ಳಿ ಏರ್‌ಪೋರ್ಟ್ ಕಡೆ ಹೋಗ್ತಿದ್ದೆ. ಮಂಜಲ್ಲಿ ಏನೂ ಕಾಣ್ತಿರಲಿಲ್ಲ. ಚಕ್ರದಡಿ ಏನೋ ಸಿಕ್ಕಂಗಾಯ್ತು. ಇಳಿದು ನೋಡ್ದೆ, ಮನುಷ್ಯ. ಹೆದರಿ ಓಡೋದೆ. ಆಗ್ಲೇ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ರೆ ಉಳೀತಿದ್ರೇನೋ. ಪೇಪರಲ್ಲಿ ಹೆಸರು ನೋಡಿ, ಒಪ್ಕೊಳ್ಳೋಣ ಅಂತಾನೇ ಬಂದೆ. ಬಾಗಿಲಲ್ಲಿ ನಿಮ್ಮ ಮುಖ ನೋಡಿ ಆಗ್ಲಿಲ್ಲ."

ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿದರು. ವಾಗೀಶ ಗೋಡೆಗೆ ಒರಗಿದ.

"ಕೂಗ್ಕೊಂಡ್ರಾ ಅವರು?" ಚಾಮುಂಡೇಶ್ವರಿ ಕೇಳಿದಳು.

"ಇಲ್ಲ ಅಕ್ಕ. ಒಂದು ಸಣ್ಣ ಸದ್ದೂ ಇಲ್ಲ."

"ಯಾರ ಹತ್ರಾನಾದ್ರೂ ಹೇಳಿದೀರಾ?"

"ಯಾರಿಗೂ ಇಲ್ಲ. ನಾಳೆ ಸ್ಟೇಷನ್ನಿಗೆ ಹೋಗಿ ಶರಣಾಗ್ತೀನಿ. ಎಲ್ಲಾ ಹೇಳ್ಬುಡ್ತೀನಿ."

"ಬೇಡ!"

ಅವಳ ದನಿಗೆ ಅವನು ಬೆಚ್ಚಿಬಿದ್ದ. ಅವಳು ಸಾವರಿಸಿಕೊಂಡಳು.

"ಹೋದೋರು ತಿರುಗಿ ಬರ್ತಾರಾ? ಹೆಂಡ್ತಿ ಮಕ್ಕಳು ಇದಾರಲ್ವಾ ನಿಮಗೆ?"

"ಒಬ್ಬಳು ಮಗಳು ಇದಾಳೆ."

"ಮತ್ತೆ? ತಣ್ಣಗಾದ ಕೇಸು ಮತ್ತೆ ತೆಗೆಯೋದು ಬೇಡ. ನನ್ನಾಣೆ ಇದೆ, ಪೊಲೀಸರ ಹತ್ರ ಹೋಗಬೇಡಿ."

ಶಿವಕಿರಣ ಕುಸಿದು ಅವಳ ಕಾಲು ಹಿಡಿದ. ಇಂಥ ಮನಸ್ಸು ಯಾರಿಗೂ ಇರಲ್ಲ ಅಕ್ಕ, ಕೊಂದವನನ್ನ ಕ್ಷಮಿಸೋ ಮನಸ್ಸು, ಎಂದು ಬಿಕ್ಕಿದ. ಸಾಯುವವರೆಗೂ ಈ ಪಾಪ ಹೊರುತ್ತೇನೆ ಎಂದ. ಅವಳು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಅವನ ತಲೆಯ ಮೇಲಿನಿಂದ ಕಿಟಕಿಯಾಚೆ ನೋಡುತ್ತಿದ್ದಳು.

ಕೊನೆಗೆ ಅವನೇ ಎದ್ದ. ಮುಖ ಒರೆಸಿಕೊಂಡ. ಅಂಗಿಯ ತೋಳು ಮಡಚಿ ನೀರಿನಿಂದ ಡ್ರಾಪರು ತೆಗೆದು, ಉಳಿದ ಬಾಯಿಗಳಿಗೆಲ್ಲ ಒಂದೊಂದಾಗಿ ತುತ್ತಿಟ್ಟ. ಒಂದನ್ನೂ ಬಿಡಲಿಲ್ಲ. ಪಂಪು ಹಾಕಿ, ಇಬ್ಬರಿಗೂ ಕೈಮುಗಿದು ಹೊರಟುಹೋದ.

ಕಾರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗುವವರೆಗೂ ವಾಗೀಶ ಉಸಿರು ಬಿಡಲಿಲ್ಲ.

"ಪಾಪ ಕಣಮ್ಮ ಆ ಮನುಷ್ಯ. ಜೀವಮಾನವೆಲ್ಲ ಹಿಂಗೇ ಕೊರಗ್ತಾನೆ. ಅವನೊಬ್ಬನಿಗಾದ್ರೂ ನಿಜ ಹೇಳ್ಬುಡೋಣ."

ಚಾಮುಂಡೇಶ್ವರಿ ಬಾಗಿಲಿಗೆ ಚಿಲಕ ಹಾಕಿದಳು. "ಏನಂತ ಹೇಳ್ತೀಯಣ್ಣ? ಅವನು ಕಾರು ಹರಿಸಿದ್ದು ಹೆಣದ ಮೇಲೆ, ಕೊಂದು ತಂದು ಅಲ್ಲಿ ಮಲಗಿಸಿದ್ದೋರು ನಾವು ಅಂತಲಾ?"