ಚಕ್ರದಡಿಯ ನಿಂಬೆಹಣ್ಣು

ಸುಟ್ಟ ರಬ್ಬರಿನ ವಾಸನೆ ಬಂದರೆ ಈಗಲೂ ಆ ಖಂಡೇನವಮಿಯ ಮಧ್ಯಾಹ್ನ ನೆನಪಾಗುತ್ತದೆ.

ಶಿವಾಜಿನಗರದ ಅಂಗಡಿಯವನು ಸವೆದ ಟೈರುಗಳಿಗೆ ಕಾದ ಬ್ಲೇಡಿನಿಂದ ಹೊಸದಾಗಿ ಗೆರೆ ಕೊರೆದು, ಕಪ್ಪು ಬಳಿದು, ನಮ್ಮ ಹಳೆಯ ಕಾರಿಗೆ ಹಾಕಿಕೊಟ್ಟಿದ್ದ. ಮನೆಯ ಮುಂದೆ ಅಪ್ಪ ಅವಕ್ಕೆ ಕುಂಕುಮ ಹಚ್ಚುತ್ತಿದ್ದರು. ಅವ್ವ ಒಂದು ಟೈರನ್ನು ಬೆರಳಿನಿಂದ ಒತ್ತಿ ನೋಡಿದಳು.

“ಬಣ್ಣ ಕೈಗೆ ಹತ್ತತದ್ರೀ. ಮುಂದಿನ ಎರಡಾದ್ರೂ ಹೊಸಾವು ಹಾಕಸ್ರಿ.”

“ದೀಪಾವಳಿಗೆ ನಾಕೂ ಹೊಸಾವು ಹಾಕಸೋಣಂತ. ಈಗ ಇಂದಾಪುರಕ್ಕ ಹೋಗಿ ಸಂಜೀಕ ಬಂದಬಿಡ್ತೀನಿ,” ಎಂದರು ಅಪ್ಪ.

ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡು, ನಾಲ್ಕೂ ಚಕ್ರಗಳಡಿ ನಿಂಬೆಹಣ್ಣು ಇಟ್ಟಳು. ಕಾರು ಮುಂದೆ ಸರಿದಾಗ ಅವು ಚಟ್ಟನೆ ಒಡೆದವು. ನಾನು ಚಪ್ಪಾಳೆ ತಟ್ಟಿದೆ.

ಅಪ್ಪನಿಲ್ಲದ ದೀಪಾವಳಿ ಬಂತು. ಒಣಗಿದ ಆ ನಿಂಬೆ ಸಿಪ್ಪೆಗಳನ್ನು ಗುಡಿಸಲು ಅವ್ವ ಯಾರನ್ನೂ ಬಿಡಲಿಲ್ಲ.