ಕೃತಿಕಾಳ ಆಂಥೂರಿಯಂ

ಮಗಳು ಕೃತಿಕಾ ತೀರಿಕೊಂಡು ಐದು ತಿಂಗಳಾಗಿತ್ತು. ಅವಳು ಕಿಟಕಿಯ ಬಳಿ ಬೆಳೆಸಿದ್ದ ಆಂಥೂರಿಯಂ ಗಿಡದ ಹೂಗಳು ಒಂದೊಂದಾಗಿ ಕಂದುಬಣ್ಣಕ್ಕೆ ತಿರುಗತೊಡಗಿದಾಗ ವಾರಿಜಾ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ನರ್ಸರಿಗೆ ಹೋದಳು.

ನರ್ಸರಿಯವನು ಗಿಡವನ್ನು ಮೇಲೆತ್ತಿ ಬೇರು ಮೂಸಿ ನೋಡಿದ.

"ಕೊಳೀತಾ ಇದೆ ಅಮ್ಮಾ. ನೀರು ಜಾಸ್ತಿಯಾಗಿದೆ."

"ಬೆಳಿಗ್ಗೆ ಅರ್ಧ ಲೋಟ ಹಾಕ್ತೀನಿ, ಅದೂ ದಿನ ಬಿಟ್ಟು ದಿನ. ಮಗಳೂ ಹಾಗೇ ಹಾಕ್ತಿದ್ಲು."

"ಇದು ಅರ್ಧ ಲೋಟದ ನೀರಲ್ಲ. ಮನೇಲಿ ಬೇರೆ ಯಾರಾದ್ರೂ ಹಾಕ್ತಾರಾ?"

"ಯಾರೂ ಇಲ್ಲ," ಎಂದಳು.

ಗಂಡನಿದ್ದ. ಹದಿಮೂರನೆಯ ದಿನ ಮುಗಿಯುತ್ತಲೇ ಕೆಲಸಕ್ಕೆ ಹೊರಟವನು ಆಮೇಲೆ ಮಗಳ ಹೆಸರನ್ನೂ ಎತ್ತಿರಲಿಲ್ಲ. ಅಂಥ ಕಲ್ಲೆದೆಯವನ ಬಗ್ಗೆ ಹೇಳುವುದೇನಿದೆ ಎಂದುಕೊಂಡು, ಗಿಡವನ್ನು ಹೊಸ ಮಣ್ಣಿಗೆ ಹಾಕಲು ಅಲ್ಲೇ ಬಿಟ್ಟು ಬಂದಳು.

ಸಂಜೆ ಕೆಲಸದಿಂದ ಬಂದ ಗಂಡ ಖಾಲಿ ಕಿಟಕಿಯ ಮುಂದೆ ನಿಂತುಬಿಟ್ಟ.

"ಗಿಡ ಎಲ್ಲೇ?"

"ನರ್ಸರೀಲಿದೆ. ನೀರು ಹೆಚ್ಚಾಗಿ ಬೇರು ಕೊಳೀತಿದೆಯಂತೆ," ಎಂದಳು ಅವನ ಮುಖ ನೋಡದೆ.

ಅವನು ಕುರ್ಚಿಯಲ್ಲಿ ಕುಸಿದು ಕೂತ.

"ನಿನ್ನೆದುರಿಗೆ ಹಾಕಿದ್ರೆ ಅಳ್ತೀಯ ಅಂತ, ನೀನು ದೇವಸ್ಥಾನಕ್ಕೆ ಹೋದಮೇಲೆ ದಿನಾ ಒಂದು ಲೋಟ ಹಾಕ್ತಿದ್ದೆ ಕಣೇ."